ಮೊದಲು ನಮ್ಮ ಪೇಡೆ ನೋಡ್ರಿ

ಬೈಲಹೊಂಗಲದ ಬಜಾರದಲ್ಲಿ ಗಂಗಪ್ಪನ ಪೇಡೆ ಅಂಗಡಿಯ ಎದುರಿಗೇ ಶಂಕ್ರೆಪ್ಪ ಅಂಗಡಿ ಇಟ್ಟದ್ದು ತಪ್ಪಲ್ಲ. ಗಂಗಪ್ಪನಿಗಿಂತ ಚಲೋ ಪೇಡೆ ಮಾಡಿದ್ದು ತಪ್ಪು. ಗಂಗಪ್ಪನಿಗೂ ಗಿರಾಕಿಗಳಿದ್ದರು, ಸುಳ್ಳು ಯಾಕೆ ಹೇಳಬೇಕು? ಆದರೆ ಊರ ಬಾಯಲ್ಲಿ ಹೆಸರು ಶಂಕ್ರೆಪ್ಪನದು. ದೊಡವಾಡದ ಬೀಗರು ಗಂಗಪ್ಪನ ಮನೆಗೇ ಶಂಕ್ರೆಪ್ಪನ ಪೇಡೆ ತಂದ ದಿನ ಇವನ ಹೊಟ್ಟೆಗೆ ಬೆಂಕಿ ಬಿತ್ತು.

ದಾರಿ ತೋರಿಸಿದವರು ಆಹಾರ ತಪಾಸಣೆಯ ಸಪ್ನಾ ಮೇಡಂ. ವ್ಯಾಪಾರಸ್ಥರ ಸಭೆಯಲ್ಲಿ ಅವರು ಕೆಂಪು ನೀರಿನ ಸೀಸೆಯೊಂದನ್ನು ಎತ್ತಿ ಹಿಡಿದರು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳಿವೆಯಂತೆ. ಕೀಟನಾಶಕ ಸೋಕಿದರೆ ಕಣಗಳು ಗುಂಪುಗೂಡಿ, ಬೆಳಕು ಬೇರೆ ಥರ ಚದುರಿ, ಕೆಂಪು ನೀಲಿಯಾಗುತ್ತದಂತೆ.

"ಸೋಮವಾರ ಮುಂಜಾನೆ ವ್ಯಾಪಾರ ಶುರು ಆಗೂದಕ್ಕ ಮೊದಲ ಬರತೇನ್ರಿ" ಎಂದರು ಮೇಡಂ.

ಜನ್ಮದಲ್ಲಿ ಓಡದ ಗಂಗಪ್ಪನ ತಲೆ ಅಂದು ಓಡಿತು. ಹತ್ತಿ ಬೆಳೆಗೆ ಹೊಡೆಯುವ ಕೀಟನಾಶಕದ ಎಣ್ಣೆ, ಎರಡೇ ಹನಿ, ಶಂಕ್ರೆಪ್ಪನ ಕಡಾಯಿಗೆ. ಯಾರೂ ತಿನ್ನುವ ಮೊದಲೇ ಸೀಸೆ ನೀಲಿಯಾಗುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ. ಜೀವಹಾನಿ ಇಲ್ಲ, ಹಾಗಾಗಿ ಪಾಪವೂ ಇಲ್ಲ. 'ಏನ್ ತಲಿ ಲೇ ನಂದು!' ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳಹೋದ. ಕೈ ಅಷ್ಟು ದೂರ ಹೋಗಲಿಲ್ಲ.

ಸೋಮವಾರ ನಸುಕಿನಲ್ಲಿ ಶಂಕ್ರೆಪ್ಪ ಜಳಕಕ್ಕೆ ಹೋದದ್ದೇ ತಡ, ಹಿತ್ತಲ ಬಾಗಿಲಿಂದ ನುಗ್ಗಿ ಕೆಲಸ ಮುಗಿಸಿದ. ಎಣ್ಣೆಯ ಡಬ್ಬಿ ಹುಗಿದ, ಅಂಗಿ ಬದಲಿಸಿದ, ಕೈಯನ್ನು ಸಾಬೂನು ಸವೆಯುವಷ್ಟು ತೊಳೆದ. ಮನೆಗೆ ಹೋಗಿ ಪೂಜೆಯನ್ನೂ ಮಾಡಿದ, ದೇವರ ಮುಖ ನೋಡಲಿಲ್ಲ ಅಷ್ಟೇ.

ಅಂಗಡಿಗೆ ಬಂದಾಗ ಹೆಂಡತಿ ರಾಯವ್ವ ಎಂದಿನಂತೆ ಪರಾತದಲ್ಲಿ ಪೇಡೆ ಜೋಡಿಸಿ ಇಟ್ಟಿದ್ದಳು. ಹಿಂದೆಯೇ ಮೇಡಂ ಬಂದರು.

"ಮೊದಲು ನಮ್ಮ ಪೇಡೆ ನೋಡ್ರಿ ಮೇಡಂ. ಅಂಜಾವ್ರು ಆ ಕಡೆ ಅದಾರ" ಎಂದು ಗಂಗಪ್ಪ ಎದುರಂಗಡಿಯತ್ತ ಕೈ ಮಾಡಿದ. ಶುಗರ್ ಬಂದಾಗಿನಿಂದ ಮುಟ್ಟಿರದ ಪೇಡೆಯನ್ನು, ಧೈರ್ಯ ತೋರಿಸಲೆಂದೇ, ಬಾಯಿಗೆ ಹಾಕಿಕೊಂಡ. ಅಬಬಾ! ತನ್ನ ಕೈಗೆ ಇಂಥ ರುಚಿ ಬಂದದ್ದು ಯಾವಾಗ? ಕಣ್ಣು ಮುಚ್ಚಿ ನುಂಗಿದ.

ಕಣ್ಣು ತೆರೆದಾಗ, ಅದೇ ಪರಾತದ ಪೇಡೆಯ ಚೂರು ಬಿದ್ದಿದ್ದ ಮೇಡಂ ಕೈಯ ಸೀಸೆ ನೀಲಿಯಾಗಿತ್ತು. ರಾಯವ್ವ ಗಾಬರಿಯಿಂದ ಅವನ ಕಿವಿಗೆ ಬಾಗಿದಳು: "ರೀ, ಇವು ನಿಮ್ಮವಲ್ರಿ. ನಿಮ್ಮ ಪೇಡೆ ಯಾರೂ ತಿನ್ನಾಂಗಿಲ್ಲ ಅಂತ, ವರ್ಷ ಆತು, ದಿನಾ ಮುಂಜಾನೆ ಶಂಕ್ರೆಪ್ಪಣ್ಣನ ಮೊದಲನೇ ಕಡಾಯಿ ಪೂರಾ ನಾನ ತರತೇನಿ. ನಿಮ್ಮವು ಎಮ್ಮಿಗಿ ಹಾಕತೇನಿ."