ಇಶ್ರತ್ ತೆಗೆಯದ ವಿಡಿಯೋ

ಬುಧವಾರ ಬೆಳಗ್ಗೆ ಅಂಬ್ಲಿಗೊಳ ಜಲಾಶಯದ ಹಿನ್ನೀರಿನಲ್ಲಿ ಹೆಣ ತೇಲಿತು. ಮೀನು ಹಿಡಿಯಲು ಬಂದವರು ಮೊದಲು ಅದನ್ನು ಯಾರೋ ಎಸೆದ ಹಾಸಿಗೆಯ ಗಂಟು ಅಂದುಕೊಂಡಿದ್ದರು. ಹತ್ತಿರ ಹೋದ ಮೇಲೆ ಬಲೆಯನ್ನು ಅಲ್ಲೇ ಬಿಟ್ಟು ಓಡಿದರು.

ಗುರುತು ಹಿಡಿಯಲು ಇಶ್ರತ್‌ಳನ್ನು ಕರೆಸಿದ್ದರು. ಸಬ್ ಇನ್‌ಸ್ಪೆಕ್ಟರ್ ಈಶ್ವರ್ ಮುಖದ ಮೇಲಿನ ಬಟ್ಟೆ ಸರಿಸಿದರು.

"ಇವರೇನಾ ನೋಡಮ್ಮಾ."

"ಹೌದು ಸರ್. ಗಂಗಕ್ಕ."

ಸೊರಬದ ಗಂಗಾಶ್ರೀ. 'ಗಂಗಕ್ಕನ ಪುಡಿಗಳು' ಅಂದರೆ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಗೊತ್ತಿಲ್ಲದ ಅಡುಗೆಮನೆಯಿಲ್ಲ. ಖಾರದಪುಡಿ, ಸಾರಿನಪುಡಿ, ಶೇಂಗಾ ಚಟ್ನಿಪುಡಿ. ಮಾಡುವವಳು ಗಂಗಕ್ಕ. ಅದನ್ನು ಫೋನಿನಲ್ಲಿ ಊರಿಗೆಲ್ಲ ತೋರಿಸುವವಳು ಶಿಕಾರಿಪುರದ ಇಶ್ರತ್. ಜಾತಿ ಬೇರೆ, ಊರು ಬೇರೆ, ಆದರೆ ಒಂದೇ ಒಲೆಯ ಹೊಗೆ ಕುಡಿದ ಅಕ್ಕತಂಗಿಯರು.

ಅಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ನಮಸ್ಕಾರ ರೀ ಅಕ್ಕಂದಿರಾ! ಈಗ ತಾನೇ ಒಲೆ ಹಚ್ಚಿದೆ. ಬನ್ನಿ, ಇವತ್ತು ಘಮಘಮ ಸಾರಿನಪುಡಿ ಮಾಡೋಣ!"

ಗಂಗಕ್ಕನದೇ ಧ್ವನಿ. ಕಾನ್‌ಸ್ಟೆಬಲ್ ಒಬ್ಬ ಫೋಟೋ ಹೋಲಿಸಿ ನೋಡಲೆಂದು ಅವಳ ಪುಟ ತೆರೆದಿದ್ದ. ಆ ಕ್ಷಣದಲ್ಲೇ ಬಂದ ಹೊಸ ವಿಡಿಯೋ ತಾನಾಗಿ ಓಡತೊಡಗಿತ್ತು. ಅವನ ಕೈಯಿಂದ ಫೋನು ಕೆಸರಿಗೆ ಬಿತ್ತು. ಕೆಸರಿನೊಳಗಿಂದಲೂ ಗಂಗಕ್ಕ ನಗುತ್ತಲೇ ಇದ್ದಳು.

* * *

"ಸತ್ತವರು ಹೆಂಗಮ್ಮಾ ವಿಡಿಯೋ ಹಾಕ್ತಾರೆ?" ಶಿಕಾರಿಪುರ ಠಾಣೆಯಲ್ಲಿ ಈಶ್ವರ್ ಕೇಳಿದರು.

ಇಶ್ರತ್ ದುಪಟ್ಟಾ ಸರಿಮಾಡಿಕೊಂಡಳು. "ಮೊದಲೇ ತೆಗೆದಿಟ್ಟಿರ್ತೀವಿ ಸರ್. ತಿಂಗಳಿಗೊಂದು ಭಾನುವಾರ ಸೊರಬದ ಅಕ್ಕನ ಮನೇಲಿ ಕೂತು ಹನ್ನೆರಡು ವಿಡಿಯೋ ಒಟ್ಟಿಗೆ ಮುಗಿಸ್ತೀವಿ. ಒಂದೊಂದಕ್ಕೂ ಅಕ್ಕ ಸೀರೆ ಬದಲಾಯಿಸ್ತಾಳೆ. ನೋಡೋರಿಗೆ ಬೇರೆ ಬೇರೆ ದಿನ ಅನ್ನಿಸಬೇಕಲ್ಲ. ಆಮೇಲೆ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಗೊತ್ತು ಮಾಡಿಟ್ರೆ ಅದು ತಾನೇ ಹೋಗ್ತದೆ."

ಖಡಕ್ ರೊಟ್ಟಿ ತಟ್ಟಿ ಡಬ್ಬಿಗೆ ತುಂಬಿಟ್ಟಂತೆ. ತಟ್ಟಿದ ಕೈ ಇರಲಿ ಬಿಡಲಿ, ರೊಟ್ಟಿ ದಿನಾ ತಟ್ಟೆಗೆ ಬರುತ್ತದೆ.

"ಹಂಗಾದ್ರೆ ನಿನ್ನೆ, ಮಂಗಳವಾರ ಬೆಳಗ್ಗೆ ಬಂದದ್ದು?" ಈಶ್ವರ್ ಫೋನು ಮುಂದೆ ಹಿಡಿದರು. ತೆರೆಯ ಮೇಲೆ ಗಂಗಕ್ಕ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ಇವತ್ತು ಮಂಗಳವಾರ. ಮನೆಯಲ್ಲಿ ಸ್ವಲ್ಪ ಕೆಲಸ ಬಿದ್ದದೆ. ನಾಲ್ಕು ದಿನ ಪುಡಿ ಸಿಗೂದಿಲ್ಲ. ಬೇಜಾರು ಮಾಡ್ಕೋಬೇಡಿ."

"ಅದು ನಾನು ತೆಗೆದದ್ದಲ್ಲ ಸರ್. ಅಕ್ಕನೇ ತೆಗೆದು ಹಾಕಿರಬೇಕು. ನನಗೂ ಹೇಳಿರಲಿಲ್ಲ."

ಈಶ್ವರ್ ಕುರ್ಚಿಗೆ ಒರಗಿದರು. "ಅಂದ್ರೆ ಮಂಗಳವಾರ ಬೆಳಗ್ಗೆ ಜೀವ ಇತ್ತು. ಅವತ್ತು ಮಧ್ಯಾಹ್ನ ಆ ಮನೆ ಬಾಗಿಲಿಗೆ ಗೂಡ್ಸ್ ಆಟೋ ನಿಲ್ಸಿದ್ದು ಒಬ್ಬನೇ. ನಿಮ್ಮ ತಮ್ಮ ಉಮೇರ್."

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇ ತಪ್ಪಾಯಿತು. ಆ ಮಾತೇ ತಮ್ಮನ ಕೊರಳಿಗೆ ಹಗ್ಗವಾಯಿತು.

"ಪ್ಯಾಕೆಟ್ ತರಕ್ಕೆ ಹೋಗಿದ್ದ ಸರ್! ಬಾಗಿಲು ತೆಗೀಲಿಲ್ಲ ಅಂತ ವಾಪಸ್ ಬಂದ."

"ಅವನೂ ಅದನ್ನೇ ಹೇಳ್ತಾನೆ."

"ಅಕ್ಕನ ತಮ್ಮ ಸಂಗಮೇಶ್ ಇದ್ದನಲ್ಲ ಸರ್? ಹಿತ್ತಲಲ್ಲೇ ಅವನ ಗಿರಣಿ, ನಮ್ಮ ಖಾರ ಬೀಸೋದೂ ಅಲ್ಲೇ."

"ಚಿಕ್ಕಪ್ಪನ ಮಗ ಅಲ್ವಾ? ಅವನು ಸೋಮವಾರ ಸಂಜೇನೇ ದಾವಣಗೆರೆ ಮದುವೆಗೆ ಹೋಗಿದ್ದ. ನೂರು ಜನ ನೋಡಿದಾರೆ. ಹೆಣ ನೀರಲ್ಲಿತ್ತು, ಯಾವತ್ತು ಅಂತ ಡಾಕ್ಟರು ಖಚಿತ ಹೇಳ್ತಾ ಇಲ್ಲ. ಅವಳ ಫೋನೂ ಸಿಕ್ಕಿಲ್ಲ. ವಿಡಿಯೋ ಕಂಪನಿಗೆ ಬರೆದೀವಿ, ಉತ್ತರ ಯಾವಾಗ ಬರ್ತದೋ. ಅಲ್ಲೀತನಕ ನಿಮ್ಮ ತಮ್ಮ ಇಲ್ಲೇ ಇರ್ಲಿ. ಇನ್ನು ಬರೋ ವಿಡಿಯೋ ಯಾವುದನ್ನೂ ಅಳಿಸಬೇಡಿ. ಸಾಕ್ಷಿ ಅದು."

ಹೊರಗೆ ಬರುವಾಗ ಉಮೇರ್ ಬೆಂಚಿನ ಮೇಲೆ ಕೂತಿದ್ದ. "ಆಪಾ, ನಾನು ಬಾಗಿಲು ಬಡಿದೆ ಅಷ್ಟೇ," ಎಂದ.

* * *

ಗುರುವಾರ ಬೆಳಗ್ಗೆ ಗಂಗಕ್ಕ ಮತ್ತೆ ಬಂದಳು. "ನಮಸ್ಕಾರ ರೀ ಅಕ್ಕಂದಿರಾ!" ಎಂದು ನಕ್ಕಳು. ಮಧ್ಯಾಹ್ನ ಅದೇ ಮುಖವನ್ನು ಮಣ್ಣು ಮಾಡಬೇಕಿತ್ತು. ಇಶ್ರತ್ ಫೋನನ್ನು ದಿಂಬಿನ ಕೆಳಗೆ ತುರುಕಿದಳು. ಅಳಿಸುವ ಹಾಗಿಲ್ಲ, ನೋಡುವ ಧೈರ್ಯವಿಲ್ಲ.

ಸುಮ್ಮನೆ ಕೂತರೆ ತಮ್ಮ ಉಳಿಯುವುದಿಲ್ಲ. ಯಾರಿಗಿತ್ತು ಗಂಗಕ್ಕನ ಮೇಲೆ ಹಗೆ? ಒಂದು ಹೆಸರು ಹೊಳೆಯಿತು. ಮಾರುಕಟ್ಟೆ ಪ್ರಾಂಗಣದ ಮೆಣಸಿನಕಾಯಿ ವ್ಯಾಪಾರಿ ಸದಾಶಿವಪ್ಪ. ಒಂದೊಂದು ವಿಡಿಯೋದ ಕೆಳಗೂ ಬಂದು ಬರೆಯುತ್ತಿದ್ದ: 'ಇದು ಖಾರದಪುಡಿ ಅಲ್ಲ, ಬಣ್ಣದಪುಡಿ.' ಹೊಟ್ಟೆಕಿಚ್ಚು ಎಂದು ಇಬ್ಬರೂ ನಕ್ಕು ಸುಮ್ಮನಾಗಿದ್ದರು.

ಎದೆ ಗಟ್ಟಿಮಾಡಿಕೊಂಡು ಅವನ ಅಂಗಡಿಗೆ ಹೋದಳು. ಸದಾಶಿವಪ್ಪ ಮೂಟೆಗೆ ಒರಗಿ ಕಾಲು ಚಾಚಿದ್ದ. ತೊಡೆಯವರೆಗೂ ಪ್ಲಾಸ್ಟರ್.

"ಇದನ್ನ ಹೊತ್ಕೊಂಡು ಕೊಲೆ ಮಾಡಾಕ ಹೋಗ್ಲೇನವ್ವಾ ನಾನು? ಜಾರಿ ಬಿದ್ದು ಹದಿನೈದು ದಿನ ಆತು," ಎಂದ. ಆಮೇಲೆ ದನಿ ತಗ್ಗಿಸಿದ. "ನಾ ಬರ್ದದ್ದು ಖರೇ ಐತಿ. ಸಂಗಮೇಶಿ ಮೊದಲು ನನ್ನ ಹತ್ರ ಒಳ್ಳೇ ಬ್ಯಾಡಗಿ ಒಯ್ತಿದ್ದ. ಈಗ ಬಿಳಿಚಿದ ಕಾಯಿ, ಯಾರೂ ಮುಟ್ಟದ್ದು, ಅದನ್ನ ಒಯ್ತಾನ. ಆದ್ರ ನಿಮ್ಮ ಪುಡಿ ಮೊದಲಿಗಿಂತ ಕೆಂಪಗೈತಿ. ಹೆಂಗ? ನೀನ ಹೇಳು."

ಹಗೆಯೆಂದು ತಿಳಿದದ್ದು ಎಚ್ಚರಿಕೆಯಾಗಿತ್ತು.

* * *

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಮಂಗಳವಾರದ ವಿಡಿಯೋ ತೆರೆದಳು. ಹಾಡಹಗಲು, ಬೀದಿಯಲ್ಲಿ ತರಕಾರಿ ಗಾಡಿಯವನ ಕೂಗು. ಆದರೂ ಹೆದರಿಕೆ ಬೆನ್ನಿಗೆ ಅಂಟಿಕೊಂಡೇ ಇತ್ತು. ಈ ಮುಖದ ಎದುರು ಫೋನು ಹಿಡಿದವರು ಯಾರು? ಗಂಗಕ್ಕ ಕ್ಯಾಮೆರಾ ನೋಡುತ್ತಿಲ್ಲ. ಕ್ಯಾಮೆರಾದ ಹಿಂದಿನವರನ್ನು ನೋಡುತ್ತಿದ್ದಾಳೆ.

ಮೂರನೆಯ ಸಲ ನೋಡುವಾಗ ಕಣ್ಣು ಸೆರಗಿಗೆ ಹೋಯಿತು.

ಮೊಸರು ಬಣ್ಣದ ಸೀರೆ. ಸೆರಗಿನ ತುದಿಯಲ್ಲಿ ಅಂಗೈಯಗಲ ಕೆಂಪು ಕಲೆ.

ಇಶ್ರತ್ ಎದ್ದವಳೇ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದಳು. ಎರಡು ಬೀದಿ ದಾಟಿದರೆ ಮುನಾಫ್ ಮಾಮುವಿನ ಸೀರೆ ಅಂಗಡಿ.

"ಮಾಮು, ಆ ಮೊಸರು ಬಣ್ಣದ ಸೀರೆ ಎಲ್ಲಿದೆ?"

"ಎಲ್ಲಿರ್ತದೆ? ಭಾನುವಾರ ಸಂಜೆ ನೀನು ತಂದು ಬಿಸಾಡಿದ ಜಾಗದಲ್ಲೇ." ಮುನಾಫ್ ಕಪಾಟಿನ ಕೆಳಗಿಂದ ಪೊಟ್ಟಣ ಎಳೆದ. "ಒಂದೇ ಪೀಸು ಬಂದಿತ್ತು, ಹಾಳು ಮಾಡಿ ತಂದೆ. ನಾಲ್ಕು ಸಲ ಒಗೆಸಿದೆ, ಹೋಗಲೊಲ್ದು. ಖಾರದಪುಡಿ ಬಿದ್ರೆ ಹಿಂಗೆ ಹಿಡೀತದೇನೇ? ಇದು ಬಟ್ಟೆಗೆ ಹಾಕೋ ಬಣ್ಣ."

ಇಶ್ರತ್ ಸೀರೆಯನ್ನು ಬಿಚ್ಚಿ ಸೆರಗಿನ ಕಲೆ ನೋಡಿದಳು.

ಗಂಗಕ್ಕನ ಒಂದು ಗುಟ್ಟು ತಮ್ಮಿಬ್ಬರಿಗೆ ಬಿಟ್ಟರೆ ಮಾಮುವಿಗೆ ಮಾತ್ರ ಗೊತ್ತಿತ್ತು. ವಿಡಿಯೋದ ಸೀರೆಗಳು ಯಾವುವೂ ಅವಳದಲ್ಲ. ಶನಿವಾರ ಮಾಮುವಿನ ಅಂಗಡಿಯಿಂದ ಎರವಲು, ಭಾನುವಾರ ಸಂಜೆ ವಾಪಸ್. 'ಗಂಗಕ್ಕ ಎರವಲು ಸೀರೆ ಉಡ್ತಾಳೆ ಅಂತ ನಮ್ಮವರಿಗೆ ತಿಳಿದ್ರೆ ಮಾನ ಹೋಗ್ತದೆ ಮಾರಾಯ್ತಿ' ಎನ್ನುತ್ತಿದ್ದಳು. ಮನೆಯವರಿಗೂ ಹೇಳಿರಲಿಲ್ಲ.

ಭಾನುವಾರ ಸಂಜೆಯೇ ಶಿಕಾರಿಪುರದ ಕಪಾಟು ಸೇರಿದ ಸೀರೆಯನ್ನು ಮಂಗಳವಾರ ಸೊರಬದಲ್ಲಿ ಉಡುವುದು ಹೇಗೆ?

ಈಗ ಭಾನುವಾರ ಕಣ್ಣ ಮುಂದೆ ಬಂತು. ಏಳನೆಯ ವಿಡಿಯೋ ನಡೆಯುವಾಗ ಕೈ ತಗುಲಿ ನೀರಿನ ಲೋಟ ಉರುಳಿತ್ತು. ಒದ್ದೆ ಸೆರಗಿನ ಮೇಲೆ ಖಾರದಪುಡಿ ಚೆಲ್ಲಿತ್ತು. ಗಂಗಕ್ಕನ ಮುಖ ಒಮ್ಮೆಲೇ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತು. ಪ್ರತಿ ಸಲದ ಹಾಗೆ ಇಶ್ರತ್ ಎದುರು ಮನೆಯ ಕುಬ್ರಾ ಬೀ ಖಾಲಾ ಹತ್ತಿರ ಹೋಗಿದ್ದಳು. ಅವಳು ಹೊರಡುವಾಗ ಬಾಗಿಲಲ್ಲಿ ಊಟದ ಕ್ಯಾರಿಯರ್ ಹಿಡಿದು ಒಬ್ಬ ಒಳಗೆ ಬಂದಿದ್ದ. ಅವಳು ಮರಳುವಾಗ ಅವನಿರಲಿಲ್ಲ. ಗಂಗಕ್ಕ ಆಗಲೇ ಹಸಿರು ಸೀರೆ ಉಟ್ಟು ಕೂತಿದ್ದಳು. ಕಣ್ಣು ಕೆಂಪಗಿತ್ತು. 'ಖಾರದ ಘಾಟು' ಎಂದಿದ್ದಳು.

* * *

"ಸೀರೆ ನಮ್ಮ ಕೈಲಿದೆ ಅಂತ ಗೊತ್ತಾಗೋ ಮೊದಲು ಅವನ ಬಾಯಿಂದಾನೇ ಸುಳ್ಳು ಹೊರಗೆ ಬರಬೇಕು," ಎಂದರು ಠಾಣೆಯಲ್ಲಿ ಈಶ್ವರ್. "ಧೈರ್ಯ ಇದೆಯಾ?"

"ಇಲ್ಲ ಸರ್. ಆದ್ರೂ ಹೋಗ್ತೀನಿ."

ಶುಕ್ರವಾರ ಹತ್ತು ಗಂಟೆಗೆ ಅವಳು ಸೊರಬದ ಆ ಮನೆಯ ನಡುಮನೆಯಲ್ಲಿದ್ದಳು. ಗಂಗಕ್ಕ ಕೂರುತ್ತಿದ್ದ ಮಣೆ ಅಲ್ಲೇ ಇತ್ತು. ಹಿತ್ತಲಲ್ಲಿ ಗಿರಣಿ ಗಡಗಡ ಓಡುತ್ತಿತ್ತು. ಮುಂಬಾಗಿಲಿನಿಂದ ಸದ್ದಿಲ್ಲದೆ ಬಂದ ಈಶ್ವರ್ ಪಕ್ಕದ ಕೋಣೆಯ ಬಾಗಿಲ ಹಿಂದೆಯೇ ಇದ್ದಾರೆ ಎಂದು ಗೊತ್ತಿತ್ತು. ಆದರೆ ಈ ಸದ್ದಿನಲ್ಲಿ ಕೂಗಿದರೆ ಕೇಳಿಸೀತೇ?

ಸಂಗಮೇಶ್ ಬಂದ. ತೋಳಿನವರೆಗೂ ಕೆಂಪು ಪುಡಿ. ಬಾಗಿಲನ್ನು ಹಿಂದಕ್ಕೆ ತಳ್ಳಿ ಮುಚ್ಚಿದ.

"ಎಂಥಕ್ಕೆ ಬಂದೆ ಇಶ್ರತ್?"

"ಅಕ್ಕನ ಕೊನೇ ವಿಡಿಯೋದಾಗಿನ ಸೀರೆ ಬೇಕಿತ್ತು ಅಣ್ಣಾ. ನೆನಪಿಗೆ ಇಟ್ಕೋತೀನಿ."

"ವಿಡಿಯೋ ಇನ್ನೆಷ್ಟು ಉಳಿದಾವೆ?"

"ಏಳೆಂಟು."

"ತೆಗೆದುಬಿಡು ಎಲ್ಲ. ಸತ್ತವರ ಮುಖ ಎಷ್ಟು ದಿನ ನೋಡೂದು?" ಅವನು ಒಂದು ಹೆಜ್ಜೆ ಹತ್ತಿರ ಬಂದ. ಖಾರದ ಘಾಟು ಮೂಗಿಗೆ ಬಡಿಯಿತು. ಇಶ್ರತ್‌ಳ ಬೆನ್ನು ಗೋಡೆಗೆ ತಾಗಿತು.

"ಸೀರೆ ಕೊಡು ಅಣ್ಣಾ, ಹೋಗ್ತೀನಿ."

"ಬೀರುವಲ್ಲಿ ಇರ್ತದೆ. ನಾನು ಸೋಮವಾರ ದಾವಣಗೆರೆಗೆ ಹೊರಡೂವಾಗ ಅಕ್ಕ ಅದನ್ನೇ ಇಸ್ತ್ರಿ ಮಾಡ್ತಾ ಇದ್ಲು. ನಾಳೆ ಇದನ್ನ ಉಡ್ತೀನಿ ಅಂದ್ಲು. ನಾನೇ ಕಣ್ಣಾರೆ ನೋಡಿದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕೇಳದ ಸೋಮವಾರವನ್ನು ಅವನೇ ಎಳೆದು ತಂದಿದ್ದ.

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಈಶ್ವರ್ ಕೈಯಲ್ಲಿ ಪೊಟ್ಟಣ.

"ಇದೇನಾ ಸಂಗಮೇಶ್, ಇಸ್ತ್ರಿ ಮಾಡಿದ ಸೀರೆ? ಭಾನುವಾರ ಸಂಜೆಯಿಂದ ಶಿಕಾರಿಪುರದ ಅಂಗಡೀಲಿ ಇದೆ. ನಿಮ್ಮಕ್ಕನದ್ದೂ ಅಲ್ಲ ಇದು. ಎರವಲು."

ಸಂಗಮೇಶ್ ಸೀರೆಯನ್ನು ನೋಡಿದ. ಕಲೆಯನ್ನು ನೋಡಿದ. "ಎರವಲಾ?" ಎಂದ.

"ನೀನು ಹೇಳಮ್ಮಾ," ಎಂದರು ಈಶ್ವರ್.

ಇಶ್ರತ್ ಗೋಡೆ ಬಿಟ್ಟು ಮುಂದೆ ಬಂದಳು. "ಈ ಕಲೆ ಬಿದ್ದದ್ದು ಏಳನೇ ವಿಡಿಯೋದಲ್ಲಿ. ನಾನು ನಮಾಜಿನಿಂದ ಬರೋದ್ರೊಳಗೆ ಅಕ್ಕ ಸೀರೆ ಬದಲಾಯಿಸಿದ್ಲು. ಕಲೆ ಬಿದ್ದ ಮೇಲೆ ಈ ಸೀರೆ ಅವಳ ಮೈಮೇಲೆ ಇದ್ದದ್ದು ಅಷ್ಟೇ ಹೊತ್ತು. ಮಂಗಳವಾರದ ವಿಡಿಯೋ ತೆಗೆದದ್ದು ಆಗ. ಆಗ ಒಳಗಿದ್ದದ್ದು ನೀವೊಬ್ಬರೇ. ನೀವು ಕ್ಯಾರಿಯರ್ ಹಿಡಿದು ಬಂದದ್ದು, ಹೋದದ್ದು ಎರಡನ್ನೂ ಕುಬ್ರಾ ಬೀ ಖಾಲಾ ಕಿಟಕಿಯಿಂದ ನೋಡಿದಾರೆ. ಪುಡಿಗೆ ಬಣ್ಣ ಬೆರೆಸಿದ್ದೀರಿ ಅಂತ ಅಕ್ಕನಿಗೆ ಈ ಕಲೆಯೇ ಹೇಳಿಬಿಡ್ತು."

ಗಿರಣಿ ನಿಲ್ಲಿಸಿದ ಕಾನ್‌ಸ್ಟೆಬಲ್ ಬಣ್ಣದ ಚೀಲ ಹೊತ್ತು ತಂದ. ಹಿತ್ತಲಲ್ಲಿ ನಿಂತಿದ್ದ ಅವನ ವ್ಯಾನಿನ ಚಾಪೆಯ ಅಡಿಯಲ್ಲಿ ಒಣಗಿದ ರಕ್ತವಿತ್ತು. ಸಂಗಮೇಶ್ ಗೋಡೆ ಹಿಡಿದು ಕೂತ.

"ಎಲ್ಲರಿಗೂ ಹೇಳ್ತೀನಿ, ಪ್ಯಾಕೆಟ್ ವಾಪಸ್ ತಗೋತೀನಿ ಅಂದ್ಲು. ಕಾಲಿಗೆ ಬಿದ್ದೆ. ನಾಲ್ಕು ದಿನ ಅಂಗಡಿ ಮುಚ್ಚೂಣ, ನಾನೇ ಎಲ್ಲ ಸರಿ ಮಾಡ್ತೀನಿ, ಈಗ ಅಷ್ಟು ಹೇಳು, ಮಂಗಳವಾರ ಹಾಕೂಣ ಅಂದೆ. ನನ್ನ ಮಾನ ಉಳಿಸೂಕೆ ಒಪ್ಪಿದ್ಲು. ಇವಳಿಗೂ ಹೇಳಲಿಲ್ಲ. ಅವತ್ತೇ ಸಂಜೆ, ಇವಳು ಹೋದ ಮೇಲೆ, ಮತ್ತೆ ಮಾತು ಬದಲಾಯಿಸಿದ್ಲು. ನಾಲ್ಕು ದಿನ ಜನ ಇದನ್ನೇ ತಿಂತಾರಲ್ಲೋ ಅಂದ್ಲು." ಅವನು ಮುಖ ಮುಚ್ಚಿಕೊಂಡ. "ಒನಕೆ ಕೈಗೆ ಸಿಕ್ತು."

ಉಳಿದದ್ದನ್ನು ಈಶ್ವರ್ ಹೇಳಿದರು. ಸಂಗಮೇಶ್ ಅವಳ ಫೋನಿನಲ್ಲೇ ಆ ವಿಡಿಯೋಗೆ ಮಂಗಳವಾರ ಬೆಳಗಿನ ಹೊತ್ತು ಗೊತ್ತು ಮಾಡಿದ. ಸೋಮವಾರ ಇಶ್ರತ್‌ಗೆ 'ತಲೆನೋವು, ಮಾತಾಡಲ್ಲ' ಎಂದು ಸಂದೇಶ ಕಳಿಸಿದ. ಫೋನು ನೀರಿಗೆ, ತಾನು ಮದುವೆ ಊಟಕ್ಕೆ. ಸತ್ತವಳು ಮಂಗಳವಾರ ಮಾತಾಡಿದರೆ ದಾವಣಗೆರೆಯಲ್ಲಿದ್ದವನು ಕೊಲೆಗಾರನಾಗುವುದು ಹೇಗೆ? ಅಕ್ಕನ ಕೆಲಸದ ಪದ್ಧತಿಯನ್ನೆಲ್ಲ ಬಲ್ಲ ತಮ್ಮನಿಗೆ ಅವಳ ಸೀರೆ ಯಾರದ್ದೆಂದು ಮಾತ್ರ ಗೊತ್ತಿರಲಿಲ್ಲ.

* * *

ಸಂಜೆ ಉಮೇರ್ ಮನೆಗೆ ಬಂದ. ಚಹಾ ಕುಡಿದು ಅಕ್ಕನ ಪಕ್ಕದಲ್ಲೇ ನಿದ್ದೆಹೋದ.

ಇಶ್ರತ್ ಫೋನು ಕೈಗೆ ತೆಗೆದುಕೊಂಡಳು. ಹನ್ನೆರಡರಲ್ಲಿ ಒಂದು ವಿಡಿಯೋವನ್ನು ಅವಳು ಸಾಲಿಗೆ ಹಾಕಿರಲಿಲ್ಲ. ಏಳನೆಯದು. ಅದರ ಕೊನೆಯಲ್ಲಿ ಗಂಗಕ್ಕ ಒದ್ದೆ ಸೆರಗನ್ನು ಬೆಳಕಿಗೆ ಹಿಡಿಯುತ್ತಾಳೆ, ಬೆರಳಿನಿಂದ ಉಜ್ಜುತ್ತಾಳೆ, ಕೆಂಪಾದ ಬೆರಳನ್ನು ನೋಡುತ್ತಾಳೆ. ಆಮೇಲೆ ನೇರವಾಗಿ ಕ್ಯಾಮೆರಾ ಕಡೆ ತಿರುಗುತ್ತಾಳೆ.

"ಇಶ್ರತ್, ಇದನ್ನ ಕತ್ತರಿಸಬೇಡ. ಇರ್ಲಿ. ಯಾವಾಗ ಹಾಕೂದು ಅಂತ ನಾನೇ ಹೇಳ್ತೀನಿ."

ಸೀರೆ ಹಾಳಾದ ತಮಾಷೆಗೆ ಹೇಳಿದಳೆಂದು ಆಗ ಇಶ್ರತ್ ನಕ್ಕಿದ್ದಳು.

ಇದು ಊರಿಗೆ ಹೋದರೆ 'ಗಂಗಕ್ಕನ ಪುಡಿಗಳು' ಮುಗಿಯಿತು. ನಾಳೆಯಿಂದ ಅನ್ನಕ್ಕೆ ಬೇರೆ ದಾರಿ ಹುಡುಕಬೇಕು. ಅವಳು ಕೆಳಗೆ ಒಂದೇ ಸಾಲು ಬರೆದಳು: 'ಈ ಖಾರದಪುಡಿ ತಿನ್ನಬೇಡಿ, ಪ್ಯಾಕೆಟ್ ವಾಪಸ್ ಕೊಡಿ. ಇದು ಗಂಗಕ್ಕನ ಮಾತು.'

ಯಾವ ದಿನ, ಎಷ್ಟು ಹೊತ್ತಿಗೆ ಎಂದು ಫೋನು ಕೇಳಿತು.

ಇಶ್ರತ್ 'ಈಗಲೇ' ಎಂಬುದನ್ನು ಒತ್ತಿದಳು.