ಯಾರ ಪೈಕಿ ನೀವು?

ಈಜುಕೊಳದ ತಿರುಗು ಗೇಟಿನಲ್ಲಿ ಅವಳು ಸಿಕ್ಕಿಹಾಕಿಕೊಂಡಿದ್ದಳು. ಚೀಲದ ಪಟ್ಟಿ ಸರಳಿಗೆ ಸುತ್ತಿಕೊಂಡಿತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ...

ಬೀಗದ ಕೈ ಇದ್ದ ಮನುಷ್ಯ ಆಚೆ ನಿಂತು, ಅವಳ ಕೈಯಿಂದ ಜಾರಿದ ಸಮೀಕ್ಷೆಯ ಫಾರಂ ಓದುತ್ತಿದ್ದ. ಕೊಳದ ಮ್ಯಾನೇಜರ್ ಅವನು. ಓದುತ್ತಾ ಓದುತ್ತಾ ಅವನ ಮುಖ ಬಿಗಿಯಿತು.

"ಮೂರನೇ ಪ್ರಶ್ನೆ. ನಿಮ್ಮ ಸಮುದಾಯ ಯಾವುದು? ಇಲ್ಲಿ ನೀರಿಗಿಳಿಯೋರನ್ನ ಯಾರೂ ಯಾವತ್ತೂ ಯಾರ ಪೈಕಿ ನೀವು ಅಂತ ಕೇಳಿಲ್ಲ, ಮೇಡಂ. ನೀವೂ ಕೇಳ್ಬೇಡಿ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಕೇಳಿದ್ದು ಹುಟ್ಟಿದ ಜಾತಿಯನ್ನಲ್ಲ! ಕ್ರೀಡಾ ನಿರ್ವಹಣೆ ಓದಿದವಳು ಅವಳು. ಒಂದು ಮೈದಾನವನ್ನೋ ಕೊಳವನ್ನೋ 'ನಮ್ಮದು' ಅಂದುಕೊಳ್ಳುವ ಜನರಿಗೆ ಅವಳ ಪುಸ್ತಕಗಳು ಇಟ್ಟ ಹೆಸರು ಸಮುದಾಯ. ಸಿಕ್ಕಿಕೊಂಡಲ್ಲೇ ನಿಂತು ಅದನ್ನೆಲ್ಲ ವಿವರಿಸಿದಳು. ಅವನು ಪೂರ್ತಿ ಕೇಳಿಸಿಕೊಂಡು ಬೀಗ ತೆಗೆದ. ಸಾರಿ ಅನ್ನಲಿಲ್ಲ, ಕಿವಿ ಮಾತ್ರ ಕೆಂಪಗಾಗಿತ್ತು.

'ಎಂಥಾ ಸಿಡುಕ...' ಅಂದುಕೊಂಡಳು. ಮರುದಿನ ಹೊರಡುವಾಗ ಮಾತ್ರ ಎರಡೆರಡು ಸಲ ಕನ್ನಡಿ ನೋಡಿಕೊಂಡಳು. ಯಾಕೆಂದು ನನ್ನನ್ನು ಕೇಳಬೇಡಿ.

ಕೊಳದ ಬಗ್ಗೆ ವರದಿ ಬರೆಯಲು ಅವಳನ್ನು ಕಳಿಸಿದವರು ಕ್ರೀಡಾ ಇಲಾಖೆಯ ಅಧಿಕಾರಿ, ಅವಳ ಸೋದರಮಾವ. ಅಪ್ಪ ಅಮ್ಮ ಹೋದ ಮೇಲೆ ಸಾಕಿದವರು, ಓದಿಸಿದವರು, ಈ ಕೆಲಸ ಕೊಡಿಸಿದವರು. ಅವರಿಗೆ ಅವಳ ವರದಿಯಲ್ಲಿ ಒಂದೇ ಪದ ಬೇಕಿತ್ತು: ಗ್ರಾಹಕರು. ಬಂದು ಹೋಗುವ ಗ್ರಾಹಕರಷ್ಟೇ ಇದ್ದಾರೆಂದರೆ ಕೊಳವನ್ನು ಮುಚ್ಚಿ, ಜಾಗವನ್ನು ಕಂಪನಿಯೊಂದಕ್ಕೆ ವಹಿಸಬಹುದು. ಸಮುದಾಯವಿದೆ ಎಂದು ಬರೆದರೆ, ನಿಯಮದಂತೆ ಆ ಜನರನ್ನು ಕೇಳದೆ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ.

ಮೂರು ವಾರ ಅವಳು ಕೊಳದ ಅಂಚಿನಲ್ಲಿ ಕೂತು ನೋಡಿದಳು. ಆಫೀಸಿನ ಗೋಡೆಯ ಕರಿಹಲಗೆಯಲ್ಲಿ ದಿನವೂ ನಾಲ್ಕಾರು ಅಡ್ಡಹೆಸರು ಇರುತ್ತಿದ್ದವು. ಒಳಗೆ ಬಿಡಬಾರದವರ ಪಟ್ಟಿ ಇರಬೇಕು ಅಂದುಕೊಂಡಿದ್ದಳು. ಕೇಳಿದಾಗ ಅವನು ಮೊದಲ ಸಲ ನಕ್ಕ.

"ಅದು ಇವತ್ತು ಬರದೇ ಇರೋರ ಪಟ್ಟಿ. ಬಂದೋರು ಕಣ್ಣೆದುರಿಗೇ ಇರ್ತಾರೆ. ಬರದೇ ಇರೋರನ್ನ ತಾನೇ ಬರ್ಕೋಬೇಕು?"

ಈಜಿ ಮನೆಗೆ ಹೋಗುವ ಯಾರಾದರೂ ದಾರಿಯಲ್ಲಿ ಆ ಬರದವರ ಬಾಗಿಲು ತಟ್ಟುತ್ತಿದ್ದರಂತೆ. ಒಂಟಿಯಾಗಿದ್ದ ಟ್ಯಾಕ್ಸಿ ಡ್ರೈವರ್ ಬಚ್ಚಲಲ್ಲಿ ಜಾರಿಬಿದ್ದದ್ದು ಗೊತ್ತಾಗಿದ್ದೂ ಹಾಗೇ. ಇದನ್ನೆಲ್ಲ ಬರೆದುಕೊಳ್ಳುವಾಗ ಅವಳ ಕಣ್ಣು ಪುಸ್ತಕ ಬಿಟ್ಟು ಅವನ ಕಡೆಗೇ ಹೋಗುತ್ತಿತ್ತು. ಅವಳ ಚೀಲ ಸಿಕ್ಕಿಕೊಂಡ ಸರಳಿಗೆ ಮತ್ತೆ ಸಿಕ್ಕದಿರಲೆಂದು ಅವನು ಯಾವಾಗಲೋ ಬಟ್ಟೆ ಸುತ್ತಿಟ್ಟಿದ್ದ. ಆ ಬಟ್ಟೆ ನೋಡಿದ ದಿನ ಅವಳಿಗೆ ಊಟ ಸೇರಲಿಲ್ಲ.

ವರದಿಯ ಕರಡು ಓದಿದ ಮಾವ ಕನ್ನಡಕ ತೆಗೆದಿಟ್ಟರು.

"ಆ ಪದ ತೆಗಿ. ನಿನ್ನ ಸಾಕಿದ್ದು ನನ್ನೇ ಎದುರು ಹಾಕ್ಕೊಳ್ಳೋಕಾ?"

ತಿದ್ದುವವರೆಗೂ ಇಲಾಖೆಯ ತಮ್ಮ ಕೋಣೆಯಲ್ಲೇ ಕೂರಬೇಕು ಅಂದರು. ತೆರೆಯಲು ಬಾರದ ಒಂದು ಕಿಟಕಿ, ಎದುರಿಗೆ ಮಾವನ ಮುಖ. ಬೆಳಗ್ಗೆ ಅವರ ಕಾರಿನಲ್ಲೇ ಬರುವುದು, ಸಂಜೆ ಅದರಲ್ಲೇ ಹೋಗುವುದು. 'ಸಮುದಾಯ' ಹೊಡೆದುಹಾಕಿ 'ಗ್ರಾಹಕರು' ಎಂದು ಬರೆದಳು. ಅದನ್ನೂ ಹೊಡೆದುಹಾಕಿದಳು. ಒಂದು ಪದ ಅವನ ಕೊಳವನ್ನು ಕಸಿಯುತ್ತದೆ, ಇನ್ನೊಂದು ಅವಳಿಗಿರುವ ಒಬ್ಬನೇ ಮಾವನನ್ನು... ಮತ್ತೆ ಅದೇ ಗೇಟು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ.

ಮೂರನೇ ದಿನ ಮಧ್ಯಾಹ್ನ, ಕೊಳಕ್ಕೆ ತಪ್ಪದೆ ಬರುತ್ತಿದ್ದ ಟೈಲರಮ್ಮ ಮೊಣಕಾಲು ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದಳು. ಅಧಿಕಾರಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಮೂರು ದಿನದಿಂದ ಹಲಗೆ ಮೇಲೆ ನಿನ್ನ ಹೆಸರೇ ಇದೆಯಲ್ಲೇ, ಫಾರಂ ಮೇಡಂ ಅಂತ. ಜ್ವರಾನಾ?"

ಅವಳ ಕಣ್ಣು ತುಂಬಿಬಂತು. 'ನಾನು ಬರದಿದ್ದದ್ದನ್ನು ಬರೆದಿಟ್ಟುಕೊಂಡಿದ್ದಾರೆ...'

"ಯಾರು ಇವರು? ನಿನಗೇನಾಗ್ಬೇಕು?" ಮಾವ ಕೇಳಿದರು.

"ನಮ್ಮೋರು, ಮಾವ."

'ಸಮುದಾಯ' ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದಳು. ಸಹಿಯಾದ ವರದಿಯನ್ನು ಅಧಿಕಾರಿಯೂ ತಿದ್ದುವಂತಿರಲಿಲ್ಲ. ಮಾವ ವರದಿ ಎಳೆದುಕೊಂಡು ಆ ಪದ ಓದಿದರು.

"ಇಟ್ಟು ಹೋಗು," ಅಂದರು. ದನಿಯಲ್ಲಿ ಕೋಪಕ್ಕಿಂತ ಸುಸ್ತೇ ಜಾಸ್ತಿಯಿತ್ತು. ಅದೇ ಅವಳನ್ನು ಹೆಚ್ಚು ನೋಯಿಸಿತು. ಮೆಟ್ಟಿಲಿಳಿಯುವಾಗ ಅವಳು ಟೈಲರಮ್ಮನನ್ನು ಹಿಡಿದುಕೊಂಡಿದ್ದಳೋ, ಟೈಲರಮ್ಮ ಅವಳನ್ನೋ, ಹೇಳುವುದು ಕಷ್ಟ.

ಕೊಳದ ಗೇಟಿನ ಆಚೆ ಅವನು ನಿಂತಿದ್ದ.

"ನಿಮ್ಮ ಹೆಸರು ದಿನಾ ನಾನೇ ಬರೆದೆ. ಬಂದು ಬಾಗಿಲು ತಟ್ಟೋ ಧೈರ್ಯ ಮಾತ್ರ ಬರ್ಲಿಲ್ಲ," ಅಂದ. ಆಮೇಲೆ ಜೇಬಿನಿಂದ ಅವಳದೇ ಫಾರಂ ತೆಗೆದ. "ಮೂರನೇ ಪ್ರಶ್ನೆ. ಯಾರ ಪೈಕಿ ನೀವು?"

"ಇಲ್ಲಿ ಯಾರೂ ಹಾಗೆ ಕೇಳಲ್ಲ ಅಂದಿದ್ರಿ."

"ಒಬ್ಬರನ್ನ ಮಾತ್ರ ಕೇಳ್ಬೇಕು ಅನ್ನಿಸ್ತಿದೆ."

"ನಿಮ್ಮ ಪೈಕಿ," ಅಂದಳು. "ಹಲಗೆ ಮೇಲಿನ ಹೆಸರು ಅಳಿಸಿ, ಗೇಟು ತೆಗೀರಿ."

"ಹೆಸರು ನೀವು ರಸ್ತೆ ತಿರುವಲ್ಲಿ ಕಂಡಾಗಲೇ ಅಳಿಸಿದೆ. ಗೇಟಿಗೆ ಬೀಗಾನೇ ಹಾಕಿಲ್ಲ... ಬನ್ನಿ."