ತೊಳೆದಿಟ್ಟ ದಶಮಿ ಡಬ್ಬಿ

ಡಬ್ಬಿ ಇತ್ತು. ಅದರೊಳಗಿದ್ದ ಹದಿನೆಂಟು ದಶಮಿ ರೊಟ್ಟಿಗಳು ಇರಲಿಲ್ಲ.

ಬೆಟ್ಟದ ಮೇಲಿನ ರತನಗಡ ಕೋಟೆಯ ಗುಹೆಯಲ್ಲಿ ಬೆಳಗಿನ ಚಹಾ ಕುದಿಯುತ್ತಿತ್ತು. ಮುಚ್ಚಳ ತೆರೆದ ನನ್ನ ಗಂಡ ಶಿರೀಷ್ ಹಾಗೆಯೇ ಕುಳಿತುಬಿಟ್ಟ. ಹಾಲಿನಲ್ಲಿ ಹಿಟ್ಟು ಕಲಸಿ ತಟ್ಟಿದ ದಶಮಿ ಎರಡು ದಿನ ಕೆಡುವುದಿಲ್ಲವೆಂದು ನಂಬಿ ಹೊರಟಿದ್ದೆವು. ಜೊತೆಗೆ ತಂದ ಅವಲಕ್ಕಿ ಚಿವಡಾ ನಿನ್ನೆ ಸಂಜೆಯೇ ಮುಗಿದಿತ್ತು. ಇಳಿಯಲು ನಾಲ್ಕು ಗಂಟೆ ಬೇಕು. ಎಂಟು ವರ್ಷದ ಮಗಳು ಮುಕ್ತಾ ಹಸಿವೆಂದು ಆಗಲೇ ಮುಖ ಸಣ್ಣದು ಮಾಡಿದ್ದಳು.

ಮಂಗವೇ? ಕೊಂಡಿ ಹಾಕಿದ ಡಬ್ಬಿಯನ್ನು ಮಂಗ ತೆರೆದು, ಮತ್ತೆ ಮುಚ್ಚಿಡುವುದುಂಟೇ? ಗುಹೆಯಲ್ಲಿದ್ದವರು ಐದೇ ಜನ— ನಾವು ಮೂವರು, ಶಿರೀಷನ ಸೋದರತ್ತೆ ಪ್ರಮಿಳಾ ಆತ್ಯಾ, ದಾರಿ ತೋರಿಸಲು ಬೆಟ್ಟದ ಬುಡದ ಹಳ್ಳಿಯಿಂದ ಬಂದಿದ್ದ ಹೌಸಾಬಾಯಿ.

ಶಿರೀಷನ ಕಣ್ಣು ಹೌಸಾಬಾಯಿಯ ಮೇಲೆ ನಿಂತಿತು.

"ಬಾಯಿ, ನಿಮ್ಮ ಗಂಟು ಸ್ವಲ್ಪ ಬಿಚ್ಚಿ."

ಅವಳು ಎದುರಾಡದೆ ಬಿಚ್ಚಿದಳು. ಮೂರು ರಾಗಿ ಭಾಕ್ರಿ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಒಂದು ಹಳೆಯ ಸೀರೆ. ಶಿರೀಷನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ತಿಂದು ಮುಗಿಸಿರಬೇಕೆಂದ. ಇನ್ನು ಇವಳನ್ನು ಯಾರ ಜೊತೆಗೂ ಕಳಿಸಬೇಡಿ ಎಂದು ಹಳ್ಳಿಯಲ್ಲಿ ಹೇಳುತ್ತೇನೆಂದ. ಹದಿನೈದು ವರ್ಷದಿಂದ ಜನರನ್ನು ಈ ಗಡ ಹತ್ತಿಸಿ ಇಳಿಸಿಯೇ ಬದುಕಿದ ಹೆಂಗಸು. ಮತ್ತೆ ಗಂಟು ಕಟ್ಟತೊಡಗಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಪ್ರಮಿಳಾ ಆತ್ಯಾ ಮೂವತ್ತು ವರ್ಷ ಆಸ್ಪತ್ರೆಯೊಂದರ ಅಡುಗೆಮನೆ ನೋಡಿಕೊಂಡವರು. ಡಬ್ಬಿ ಕೇಳಿ ತೆಗೆದುಕೊಂಡರು. ಒಳಗೆ ಬೆರಳಾಡಿಸಿದರು. ಮುಚ್ಚಳದ ರಬ್ಬರ್ ಎಬ್ಬಿಸಿ ಮೂಸಿದರು. ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದರು— ಮೊದಲು ಎದ್ದವರು ಯಾರು? ನೀರಿನ ತೊಟ್ಟಿಗೆ ಹೋದವರು ಯಾರು? ಹೌಸಾಬಾಯಿ ಕಟ್ಟಿಗೆಗೆ ಹೋಗಿದ್ದಳು. ಅಪ್ಪ ಮಗಳು ಇನ್ನೂ ಮಲಗಿದ್ದರು. ತೊಟ್ಟಿಗೆ ಹೋದವಳು ನಾನು. ಮುಖ ತೊಳೆಯಲು ಎಂದೆ.

"ಸುಲಭಾ, ದಶಮಿ ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದ್ಯಾ?"

"ಬಸ್ಸಿಗೆ ಹೊತ್ತಾಗಿತ್ತು, ಆತ್ಯಾ."

ಅವರು ಡಬ್ಬಿಯನ್ನು ಶಿರೀಷನ ಮುಂದಿಟ್ಟರು.

"ಡಬ್ಬಿ ಖಾಲಿ ಅನ್ನೋದನ್ನ ಎಲ್ಲರೂ ನೋಡಿದ್ರಿ. ಒಳಗೆ ಒದ್ದೆ ಇದೆ ಅನ್ನೋದನ್ನ ಯಾರೂ ನೋಡ್ಲಿಲ್ಲ. ಕದ್ದು ತಿಂದವರು ಡಬ್ಬಿ ತೊಳೆದು ಇಡ್ತಾರೇನೋ? ರಬ್ಬರಿನ ಸಂದಿಲಿ ಹುಳಿ ವಾಸನೆ ಇನ್ನೂ ಹೋಗಿಲ್ಲ. ಬಿಸಿಗೆ ಬೆವತು ಹಳಸಿವೆ. ಹಳಸಿದ್ದನ್ನ ಮುಚ್ಚಿಡಬೇಕು ಅಂತ ಅನ್ಸೋದು, ಮಾಡಿದವಳಿಗೆ."

ಹೌದು, ದಶಮಿ ಕಣಿವೆಗೆ ಎಸೆದು ಡಬ್ಬಿ ತೊಳೆದಿಟ್ಟವಳು ನಾನೇ. ಗಡ ಹತ್ತುವ ಮುಂಚೆ ಹೌಸಾಬಾಯಿ ಅಡುಗೆ ಮಾಡಿಕೊಡಲೇ ಎಂದು ಕೇಳಿದ್ದಳು. ನನ್ನ ಕೈಯ ದಶಮಿ ಇರುವಾಗ ಅದೇಕೆ ಎಂದು ಜಂಬ ಕೊಚ್ಚಿದ್ದೆ. ತಪ್ಪು ಮಂಗಗಳ ತಲೆಗೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ಮನುಷ್ಯರ ತಲೆಗೆ ಬಂದಾಗಲೂ ಸುಮ್ಮನಿದ್ದೆ.

ಶಿರೀಷ್ ತಲೆ ತಗ್ಗಿಸಿದ. ನಾನು ಹೌಸಾಬಾಯಿಗೆ ಕೈ ಮುಗಿದೆ.

"ಬಿಸಿ ಮುಚ್ಚಿದ್ರೆ ನನ್ನ ಭಾಕ್ರಿನೂ ಹಳಸುತ್ತೆ, ವಹಿನಿ," ಎಂದಳು ಹೌಸಾಬಾಯಿ. "ಅದಕ್ಕೇನೂ ಬೇಜಾರಿಲ್ಲ. ನನ್ನ ಗಂಟು ಬಿಚ್ಚಿಸುವಾಗ ನೀವು ನೋಡ್ತಾ ನಿಂತಿದ್ರಿ."

ಮುಕ್ತಾಳ ಕೈಗೆ ಒಂದು ಭಾಕ್ರಿ ಇಟ್ಟು ಮುಂದೆ ನಡೆದಳು.

ಇಳಿಯುವ ದಾರಿಯ ಕಬ್ಬಿಣದ ಏಣಿಯಲ್ಲಿ ನನ್ನ ಕಾಲು ಮೆಟ್ಟಿಲು ತಪ್ಪಿತು. ಕೆಳಗಿನಿಂದ ಹೌಸಾಬಾಯಿ ಕೈ ಚಾಚಿದಳು. ಹಿಡಿದು ಇಳಿದೆ. ಅವಳ ಮುಖ ನೋಡಲಾಗಲಿಲ್ಲ.